ಕಾಯುವ ಜಾಗ: ಸಾಕುಪ್ರಾಣಿಯ ದೇಶಾಂತರಕ್ಕೆ ಸಿದ್ಧತೆ ಎಂದರೇನು?

ಬೆಂಗಳೂರಿನ ಪಶುವೈದ್ಯರಿಗೆ ಈ ಮಾತುಕತೆ ಹೊಸದಲ್ಲ. “ಡಾಕ್ಟ್ರೇ, ವೀಸಾ ಬಂತು. ಮುಂದಿನ ತಿಂಗಳು ಜರ್ಮನಿಗೆ ಹೊರಟಿದ್ದೀವಿ. ಇವಳಿಗೂ ಒಂದು ಸರ್ಟಿಫಿಕೇಟ್ ಬರೆದುಕೊಟ್ಟುಬಿಡಿ.” ಮೇಜಿನ ಮೇಲೆ ನಿಂತ ‘ಇವಳು’ ಬಾಲ ಆಡಿಸುತ್ತಿರುತ್ತಾಳೆ. ಡಾಕ್ಟರು ಲಸಿಕೆಯ ಪುಸ್ತಕ ತಿರುವುತ್ತಾರೆ, ಚಿಪ್ ಇದೆಯೇನೋ ಎಂದು ಕುತ್ತಿಗೆಯ ಮೇಲೆ ಸ್ಕ್ಯಾನರ್ ಆಡಿಸುತ್ತಾರೆ, ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. “ನೀವು ಹೊರಡಬಹುದು. ಇವಳು ಹೊರಡೋಕೆ ಇನ್ನೂ ನಾಲ್ಕು ತಿಂಗಳು ಬೇಕು.”

ಈ ನಾಲ್ಕು ತಿಂಗಳು ಎಲ್ಲಿಂದ ಬಂತು? ಅಮೆರಿಕಕ್ಕೆ ಹೊರಟರೆ ಅದು ಎರಡು ತಿಂಗಳಾಗುತ್ತದೆ, ಜಪಾನಿಗಾದರೆ ಏಳಕ್ಕೂ ಹೆಚ್ಚು. ಆಸ್ಟ್ರೇಲಿಯಾಕ್ಕಂತೂ ಭಾರತದಿಂದ ನೇರ ದಾರಿಯೇ ಇಲ್ಲ. ನಾಯಿ ಒಂದೇ, ರೋಗ ಒಂದೇ, ವಿಜ್ಞಾನವೂ ಒಂದೇ. ಲೆಕ್ಕ ಮಾತ್ರ ದೇಶಕ್ಕೊಂದು. ಸಿದ್ಧತೆ ಎಂದರೆ ಏನು ಎಂಬುದಕ್ಕೂ ಉತ್ತರ ಒಂದಲ್ಲ. ಸರ್ಕಾರಕ್ಕೆ ಅದು ರೋಗ ತಡೆ, ವಿಮಾನ ಕಂಪನಿಗೆ ಪೆಟ್ಟಿಗೆಯ ಅಳತೆ, ಪ್ರಾಣಿವರ್ತನೆಯ ತಜ್ಞರಿಗೆ ಪ್ರಾಣಿಯ ಮನಸ್ಸು, ಮನೆಯವರಿಗೆ ಅಗಲಿಕೆಯ ಭಯ. ಈ ನಾಲ್ಕೂ ದೃಷ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಎಲ್ಲದರ ನಡುವೆ ಹಾದುಹೋಗುವ ಎಳೆ ಒಂದೇ, ಕಾಯುವಿಕೆ. ಎಷ್ಟು ದಿನ ಕಾಯಬೇಕು, ಎಲ್ಲಿ ಕಾಯಬೇಕು, ಆ ದಿನಗಳಲ್ಲಿ ಏನು ಮಾಡಬೇಕು ಎಂಬುದೇ ನೂರಿಪ್ಪತ್ತು ವರ್ಷಗಳಿಂದ ನಡೆದಿರುವ ಚರ್ಚೆ.

ರೋಗದಿಂದ ಹುಟ್ಟಿದ ಗಡಿ

ಹುಚ್ಚುನಾಯಿ ಕಡಿತ ಎಂದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯ ನಮ್ಮ ಹಿರಿಯರ ನೆನಪಿನಲ್ಲಿ ಇನ್ನೂ ಇದೆ. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ಭಾರತ 2004ರ ಕೊನೆಗೆ ನಿಲ್ಲಿಸಿತು. ರೋಗ ಮಾತ್ರ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಮಂದಿ ರೇಬಿಸ್‌ನಿಂದ ಸಾಯುತ್ತಾರೆ; ಅದರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಭಾರತದ್ದು. ಸಾಕುಪ್ರಾಣಿಗಳ ದೇಶಾಂತರದ ನಿಯಮಗಳೆಲ್ಲ ಬಹುಪಾಲು ಈ ಒಂದು ರೋಗದ ಸುತ್ತ ಕಟ್ಟಿದ ಬೇಲಿ.

ಬೇಲಿಯ ಮೊದಲ ಗೂಟಗಳನ್ನು ನೆಟ್ಟವರಲ್ಲಿ ಬ್ರಿಟನ್ ಒಂದು. ಬೀದಿನಾಯಿಗಳನ್ನು ಹಿಡಿದು, ಸಾಕುನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯ ಮಾಡಿ, ಹೊರಗಿನಿಂದ ಬಂದ ನಾಯಿಗಳನ್ನು ಆರು ತಿಂಗಳು ಕೂಡಿಹಾಕಿ 1902ರ ಹೊತ್ತಿಗೆ ಅದು ರೇಬಿಸ್ ಮುಕ್ತವಾಯಿತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಅಂದರೆ 1918ರಲ್ಲಿ, ಸೈನಿಕರು ಕದ್ದು ತಂದ ನಾಯಿಗಳ ಜೊತೆ ರೋಗ ಮತ್ತೆ ಒಳಬಂತು. ಅದನ್ನು ತೊಲಗಿಸಲು 1922ರವರೆಗೆ ಹೆಣಗಬೇಕಾಯಿತು. ಯುದ್ಧದ ಕಂದಕದಲ್ಲಿ ಜೊತೆಗಿದ್ದ ನಾಯಿಯನ್ನು ಬಿಟ್ಟುಬರಲಾರದ ಸೈನಿಕನ ಪ್ರೀತಿಯೇ ಒಂದು ದೇಶಕ್ಕೆ ರೋಗ ತಂದ ಈ ಘಟನೆ ಬ್ರಿಟನ್ನಿನ ಮನಸ್ಸಿನಲ್ಲಿ ಬಹುಕಾಲ ಉಳಿಯಿತು. ಆರು ತಿಂಗಳ ದಿಗ್ಬಂಧನವನ್ನು ಅದು ಶತಮಾನದ ಕೊನೆಯವರೆಗೂ ಸಡಿಲಿಸಲಿಲ್ಲ.

ಹವಾಯಿ ದ್ವೀಪಗಳು 1912ರಿಂದ 120 ದಿನಗಳ ದಿಗ್ಬಂಧನ ಜಾರಿಗೆ ತಂದವು. ಅಲ್ಲಿಗೆ ರೇಬಿಸ್ ಕಾಲಿಟ್ಟೇ ಇಲ್ಲ. ಜಪಾನಿನಲ್ಲಿ 1957ರ ನಂತರ ಪ್ರಾಣಿಗಳಲ್ಲಿ ರೇಬಿಸ್ ಕಂಡಿಲ್ಲ. ಈ ದ್ವೀಪಗಳ ಅನುಭವದಿಂದ ಹುಟ್ಟಿದ್ದು ಮೊದಲ ಪಂಥ. ಅದರ ಮಾತು ಸರಳ: ಕಡಲು ಕಾಯುತ್ತಿದೆ, ಬಾಗಿಲನ್ನು ನಾವು ಕಾಯೋಣ. ಬಂದ ಪ್ರಾಣಿಯನ್ನು ನಮ್ಮ ಕಣ್ಣೆದುರೇ ಕೂಡಿಹಾಕಿ ನೋಡೋಣ.

ಈ ಪಂಥಕ್ಕೆ ಒಂದು ಗಟ್ಟಿ ಕಾರಣವೂ ಇದೆ. ರೇಬಿಸ್ ವೈರಸ್ ನರಗಳ ಗುಂಟ ಮೆದುಳಿನ ಕಡೆ ನಿಧಾನ ಸಾಗುತ್ತದೆ. ಆ ದಾರಿಯಲ್ಲಿರುವಾಗ ರಕ್ತದಲ್ಲಾಗಲಿ ಜೊಲ್ಲಿನಲ್ಲಾಗಲಿ ಅದರ ಸುಳಿವು ಸಿಗುವುದಿಲ್ಲ. ಸೋಂಕು ತಗುಲಿ ಇನ್ನೂ ಲಕ್ಷಣ ಕಾಣದ ನಾಯಿಯನ್ನು ಜೀವಂತವಾಗಿ ಪತ್ತೆಹಚ್ಚುವ ಪರೀಕ್ಷೆ ಇವತ್ತಿಗೂ ಇಲ್ಲ. ಕಾದು ನೋಡುವುದೇ ಪರೀಕ್ಷೆ.

ಕಾಯುವುದಕ್ಕೂ ಮಿತಿಯಿದೆ ಎಂದು ತೋರಿಸಿದ್ದು 1969ರ ಘಟನೆ. ಜರ್ಮನಿಯಿಂದ ಬಂದು ಆರು ತಿಂಗಳ ದಿಗ್ಬಂಧನವನ್ನು ಪೂರ್ತಿ ಮುಗಿಸಿದ್ದ ನಾಯಿಯೊಂದು ಹೊರಬಂದ ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿಯಲ್ಲಿ ಹುಚ್ಚೆದ್ದು ಜನರನ್ನು ಕಚ್ಚಿತು. ಇದರಿಂದ ಎರಡು ಪಾಠ ಕಲಿಯಬಹುದಿತ್ತು: ಇನ್ನೂ ಹೆಚ್ಚು ದಿನ ಕೂಡಿಹಾಕಬೇಕು, ಇಲ್ಲವೇ ಬರೀ ದಿನ ಎಣಿಸುವುದನ್ನು ಬಿಟ್ಟು ಬೇರೆ ದಾರಿ ನೋಡಬೇಕು. ಬ್ರಿಟನ್ ಆಗ ಮೊದಲನೆಯದನ್ನೇ ಕಲಿತು ಬಿಗಿ ಹೆಚ್ಚಿಸಿತು.

ಗೂಡಿನಿಂದ ರಕ್ತದ ಬಾಟಲಿಗೆ

ಎರಡನೆಯ ಪಾಠ ಕಲಿಯಲು ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಮೂರು ಸಂಗತಿ ಬದಲಾಗಿದ್ದವು. ಒಳ್ಳೆಯ ಲಸಿಕೆ ಬಂದಿತ್ತು. ಪ್ರಾಣಿಯ ಗುರುತು ಅದಲುಬದಲಾಗದಂತೆ ಚರ್ಮದಡಿ ಇಡುವ, ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಬಂದಿತ್ತು. ಲಸಿಕೆ ಹಿಡಿದಿದೆಯೋ ಇಲ್ಲವೋ ಎಂದು ಅಳೆಯುವ ರಕ್ತಪರೀಕ್ಷೆಯೂ ಬಂದಿತ್ತು. ಪ್ರಾಣಿಯ ರಕ್ತದ ಸೀರಮ್ಮನ್ನು ಜೀವಂತ ವೈರಸ್ಸಿನ ಜೊತೆ ಬೆರೆಸಿ, ಅದು ವೈರಸ್ಸನ್ನು ಎಷ್ಟರಮಟ್ಟಿಗೆ ನಿಷ್ಕ್ರಿಯಗೊಳಿಸುತ್ತದೆ ಎಂದು ಈ ಪರೀಕ್ಷೆ ನೋಡುತ್ತದೆ. ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಪ್ರತಿಕಾಯ ಸಿಕ್ಕರೆ ಪಾಸು. ಜನರ ಬಾಯಲ್ಲಿ ಇದು ‘ಟೈಟರ್ ಟೆಸ್ಟ್’.

ಸಂಸಾರ ಸಮೇತ ದೇಶ ಸುತ್ತುವ ರಾಜತಾಂತ್ರಿಕರು, ಸೈನ್ಯದವರು, ದಿಗ್ಬಂಧನದ ಗೂಡಿನಲ್ಲಿ ನಾಯಿಯನ್ನು ಕಳೆದುಕೊಂಡವರು ಬ್ರಿಟನ್ನಿನಲ್ಲಿ ದನಿಯೆತ್ತಿದ್ದರು. ಇಯಾನ್ ಕೆನಡಿ ಅಧ್ಯಕ್ಷತೆಯ ಸಲಹಾ ಸಮಿತಿ 1998ರಲ್ಲಿ ಚಿಪ್, ಲಸಿಕೆ, ರಕ್ತಪರೀಕ್ಷೆಗಳಿದ್ದರೆ ದಿಗ್ಬಂಧನ ಬೇಡ ಎಂದು ಶಿಫಾರಸು ಮಾಡಿತು. 2000ದ ಫೆಬ್ರುವರಿ 28ರಂದು ಬ್ರಿಟನ್ನಿನ ‘ಪೆಟ್ ಟ್ರಾವೆಲ್ ಸ್ಕೀಮ್’ ಆರಂಭವಾಯಿತು. ಯುರೋಪಿನ ಒಕ್ಕೂಟ 2003ರಲ್ಲಿ ತನ್ನದೇ ನಿಯಮ ರೂಪಿಸಿ ನಾಯಿ, ಬೆಕ್ಕು, ಫೆರೆಟ್‌ಗಳಿಗೆ ನೀಲಿ ಪಾಸ್‌ಪೋರ್ಟ್ ಕೊಟ್ಟಿತು. ಹವಾಯಿಯೂ 2003ರಲ್ಲಿ, ಮೊದಲೇ ಸಿದ್ಧವಾಗಿ ಬಂದ ಪ್ರಾಣಿಗೆ ಐದು ದಿನ ಅಥವಾ ಅದಕ್ಕೂ ಕಡಿಮೆ ಸಾಕು ಎಂದಿತು.

ಈ ಬದಲಾವಣೆಯ ಒಳಗುಟ್ಟನ್ನು ಗಮನಿಸಬೇಕು. 2000ದಲ್ಲಿ ಬ್ರಿಟನ್ ಗೂಡಿನ ಆರು ತಿಂಗಳನ್ನು ತೆಗೆಯಿತು ನಿಜ. ಆದರೆ ರಕ್ತ ತೆಗೆದ ದಿನದಿಂದ ಆರು ತಿಂಗಳು ಕಾದ ಮೇಲೆಯೇ ಪ್ರಾಣಿ ಒಳಬರಬೇಕು ಎಂದಿತು. ಕಾಯುವ ಅವಧಿ ಅಷ್ಟೇ ಉಳಿಯಿತು, ಜಾಗ ಬದಲಾಯಿತು. ಹೋದ ಊರಿನ ಪಂಜರದಲ್ಲಿ ಕಳೆಯಬೇಕಿದ್ದ ಕಾಲವನ್ನು ಹೊರಡುವ ಮನೆಯ ಸೋಫಾದ ಮೇಲೆ ಕಳೆಯಬಹುದಾಯಿತು. ಪ್ರಾಣಿಗಳ ದೇಶಾಂತರದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ ಎಂದು ನನಗನಿಸುತ್ತದೆ. ಸಿದ್ಧತೆ ಎಂಬ ಮಾತಿಗೆ ಅರ್ಥ ಬಂದದ್ದೇ ಅಂದಿನಿಂದ. ಅದಕ್ಕೂ ಮುಂಚೆ ಸಿದ್ಧತೆಯಿರಲಿಲ್ಲ, ಶಿಕ್ಷೆಯಿತ್ತು.

ಈ ಬದಲಾವಣೆಯಿಂದ ಹುಟ್ಟಿದ ಎರಡನೆಯ ಪಂಥ ರಕ್ತವನ್ನು ನಂಬುತ್ತದೆ ಎನ್ನುತ್ತಾರೆ. ಪೂರ್ತಿ ಹಾಗಲ್ಲ. ಟೈಟರ್ ಹೇಳುವುದು ಲಸಿಕೆ ಹಿಡಿದಿದೆ ಎಂದಷ್ಟೇ. ಲಸಿಕೆಗೆ ಮುಂಚೆಯೇ ಹುಚ್ಚುನಾಯಿ ಕಚ್ಚಿದ್ದರೆ ಅದನ್ನು ಹೇಳುವುದು ಆಮೇಲಿನ ಕಾಯುವಿಕೆ. ಹಾಗಾಗಿಯೇ ಪರೀಕ್ಷೆ ಪಾಸಾದ ಮೇಲೂ ಯುರೋಪು ಮೂರು ತಿಂಗಳು ಕಾಯಿಸುತ್ತದೆ. “ರಿಪೋರ್ಟ್ ಬಂತಲ್ಲ, ಇನ್ನೇಕೆ ಕಾಯಬೇಕು?” ಎಂದು ಕೇಳುವವರಿಗೆ ಉತ್ತರ ಇದು.

ಭಾರತದಿಂದ ಹೊರಡುವವರ ಕ್ಯಾಲೆಂಡರ್

ಯುರೋಪಿನ ಮತ್ತು ಬ್ರಿಟನ್ನಿನ ಪಟ್ಟಿಗಳಲ್ಲಿ ಭಾರತ ‘ಪಟ್ಟಿಯಲ್ಲಿಲ್ಲದ ದೇಶ’, ಅಮೆರಿಕದ ಪಟ್ಟಿಯಲ್ಲಿ ‘ನಾಯಿ ರೇಬಿಸ್‌ನ ಹೆಚ್ಚು ಅಪಾಯದ ದೇಶ’. ಹೆಸರು ಬೇರೆ, ತಾತ್ಪರ್ಯ ಒಂದೇ. ಹಾಗಾಗಿ ನಮ್ಮವರ ಕ್ಯಾಲೆಂಡರ್ ಉದ್ದ.

ಯುರೋಪಿಗೆ ಹೊರಟವರ ಲೆಕ್ಕ ಹೀಗಿದೆ. ಮೊದಲು ಹದಿನೈದು ಅಂಕಿಯ ಐಎಸ್‌ಒ ಮಾದರಿಯ ಚಿಪ್. ಆಮೇಲೆ ರೇಬಿಸ್ ಲಸಿಕೆ. ಕನಿಷ್ಠ 30 ದಿನ ಕಳೆದ ಮೇಲೆ ಒಪ್ಪಿತ ಪ್ರಯೋಗಾಲಯಕ್ಕೆ ರಕ್ತ. ರಕ್ತ ತೆಗೆದ ದಿನದಿಂದ ಮೂರು ತಿಂಗಳು. ಕೊನೆಗೆ, ಒಳಹೋಗುವ ದಿನಕ್ಕೆ ಹತ್ತು ದಿನಕ್ಕಿಂತ ಹಳೆಯದಾಗಿರದ ಸರ್ಕಾರಿ ಆರೋಗ್ಯಪತ್ರ. ಬ್ರಿಟನ್, ಐರ್ಲೆಂಡ್, ಫಿನ್ಲೆಂಡ್, ಮಾಲ್ಟಾ, ನಾರ್ವೆಗಳಿಗಾದರೆ ನಾಯಿಗೆ ಹೊರಡುವ ಮುನ್ನ ಲಾಡಿಹುಳುವಿನ ಮಾತ್ರೆಯೂ ಸೇರುತ್ತದೆ. ಅದನ್ನು ತಲುಪುವ 24ರಿಂದ 120 ಗಂಟೆಗಳ ಮುಂಚೆ ವೈದ್ಯರೇ ನುಂಗಿಸಿ ಬರೆದುಕೊಡಬೇಕು.

ಎಡವುವುದು ಸಾಮಾನ್ಯವಾಗಿ ಕ್ರಮದಲ್ಲಿ. ನಮ್ಮಲ್ಲಿ ಲಸಿಕೆ ಮೊದಲು, ಚಿಪ್ ಯಾವಾಗಲೋ. ನಿಯಮದ ಕಣ್ಣಿನಲ್ಲಿ ಚಿಪ್‌ಗೆ ಮುಂಚೆ ಹಾಕಿದ ಲಸಿಕೆ ಯಾವ ನಾಯಿಗೆ ಹಾಕಿದ್ದೋ ಗೊತ್ತಿಲ್ಲದ ಲಸಿಕೆ. ಐದು ವರ್ಷ ತಪ್ಪದೆ ಹಾಕಿಸಿದ್ದರೂ ಮತ್ತೆ ಒಂದರಿಂದ ಎಣಿಸಬೇಕು. ಇನ್ನೊಂದು ಎಡವು ಬೂಸ್ಟರ್. ಅವಧಿಯೊಳಗೆ ಹಾಕಿಸುತ್ತಾ ಬಂದರೆ ಯುರೋಪಿಗೆ ಒಮ್ಮೆ ಮಾಡಿಸಿದ ಟೈಟರ್ ಪ್ರಾಣಿಯ ಜೀವಮಾನಕ್ಕೆ ಸಾಕು. ತಪ್ಪಿದರೆ ಎಲ್ಲ ಮೊದಲಿನಿಂದ.

ಅಮೆರಿಕದ ದಾರಿ ಬೇರೆ. ಆ ದೇಶ 2007ರಲ್ಲಿ ನಾಯಿ ತಳಿಯ ರೇಬಿಸ್ ತನ್ನಲ್ಲಿಲ್ಲ ಎಂದು ಘೋಷಿಸಿಕೊಂಡಿತ್ತು. ಹೊರಗಿನಿಂದ ಬಂದ ನಾಯಿಗಳಲ್ಲಿ ಸುಳ್ಳು ಕಾಗದಪತ್ರ ಹೆಚ್ಚಾದಾಗ 2021ರಲ್ಲಿ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳನ್ನು ತಡೆಯಿತು. ಅದೇ ವರ್ಷ ಅಜರ್‌ಬೈಜಾನಿನಿಂದ ಬಂದ ನಾಯಿಗಳ ಗುಂಪಿನಲ್ಲಿ ಒಂದಕ್ಕೆ ರೇಬಿಸ್ ಇರುವುದು ಗೊತ್ತಾಯಿತು. 2024ರ ಆಗಸ್ಟ್ 1ರಿಂದ ಹೊಸ ನಿಯಮ ಬಂತು: ನಾಯಿಗೆ ಆರು ತಿಂಗಳು ತುಂಬಿರಬೇಕು, ಚಿಪ್ ಇರಬೇಕು, ಒಪ್ಪಿತ ಪ್ರಯೋಗಾಲಯದ ಟೈಟರ್ ಇರಬೇಕು, ಇಲ್ಲವಾದರೆ ಅಲ್ಲಿ 28 ದಿನ ದಿಗ್ಬಂಧನ. ಹೆಚ್ಚು ಅಪಾಯದ ದೇಶಗಳಲ್ಲಿ ಲಸಿಕೆ ಪಡೆದ ನಾಯಿಗಳು ಆಯ್ದ ಕೆಲವೇ ವಿಮಾನ ನಿಲ್ದಾಣಗಳಲ್ಲಿ ಇಳಿಯಬಹುದು. ಇದೆಲ್ಲ ನಾಯಿಗೆ. ಬೆಕ್ಕಿಗೆ ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆ ರೇಬಿಸ್ ಲಸಿಕೆಯ ಪುರಾವೆಯನ್ನೂ ಕೇಳುವುದಿಲ್ಲ! ರಾಜ್ಯಗಳು, ವಿಮಾನ ಕಂಪನಿಗಳು ಕೇಳಬಹುದು, ಅದು ಬೇರೆ ಮಾತು.

ಜಪಾನಿಗೆ ಎರಡು ಲಸಿಕೆ, ಟೈಟರ್, ಆಮೇಲೆ 180 ದಿನ. ಕನಿಷ್ಠ 40 ದಿನ ಮುಂಚೆ ತಿಳಿಸಿರಬೇಕು. ಎಲ್ಲ ಸರಿಯಿದ್ದರೆ ನಿಲ್ದಾಣದಲ್ಲಿ ಕೆಲವೇ ಗಂಟೆ. ಕೊರತೆಯಿದ್ದರೆ 180 ದಿನಗಳವರೆಗೆ ಅಲ್ಲೇ ದಿಗ್ಬಂಧನ. ಆಸ್ಟ್ರೇಲಿಯಾ ಭಾರತವನ್ನು ಒಪ್ಪಿತ ದೇಶಗಳಲ್ಲಿ ಸೇರಿಸಿಲ್ಲ. ಪ್ರಾಣಿ ಮೊದಲು ಒಪ್ಪಿತ ದೇಶವೊಂದಕ್ಕೆ ಹೋಗಿ, ಅಲ್ಲಿ ಸಿದ್ಧತೆ ಪೂರೈಸಿ, ಆಮೇಲೆ ಮೆಲ್ಬರ್ನ್ ಹತ್ತಿರದ ಮಿಕಲ್ಹಾಮಿನ ಸರ್ಕಾರಿ ದಿಗ್ಬಂಧನ ಕೇಂದ್ರದಲ್ಲಿ ಕನಿಷ್ಠ ಹತ್ತು ದಿನ ಇರಬೇಕು. 2023ರಿಂದ ಪ್ರಾಣಿಯ ಗುರುತನ್ನು ಅಧಿಕೃತವಾಗಿ ದೃಢಪಡಿಸಿರದಿದ್ದರೆ ಹತ್ತರ ಬದಲು ಮೂವತ್ತು ದಿನ. ನಟ ಜಾನಿ ಡೆಪ್ 2015ರಲ್ಲಿ ಎರಡು ಪುಟ್ಟ ನಾಯಿಗಳನ್ನು ಖಾಸಗಿ ವಿಮಾನದಲ್ಲಿ ಹೇಳದೆ ಕೇಳದೆ ತಂದಾಗ, ಕೃಷಿ ಸಚಿವರು ಅವನ್ನು ವಾಪಸು ಕಳಿಸಿ, ಇಲ್ಲವೇ ಕೊಲ್ಲಬೇಕಾಗುತ್ತದೆ ಎಂದು ಗಡುವು ಕೊಟ್ಟದ್ದು ಜಗತ್ತಿಗೇ ಸುದ್ದಿಯಾಯಿತು. ಅಲ್ಲಿನವರು ಅದನ್ನು ಹಾಸ್ಯಕ್ಕೆ ಹೇಳಿರಲಿಲ್ಲ.

ಹೊರಡುವ ಕಡೆಯ ಕಾಗದ ನಮ್ಮಲ್ಲಿ ಕೊಡುವುದು ಕೇಂದ್ರದ ಪಶುಸಂಗೋಪನಾ ಇಲಾಖೆಗೆ ಸೇರಿದ, ಎಕ್ಯೂಸಿಎಸ್ ಎಂದೇ ಕರೆಯುವ ಪಶು ದಿಗ್ಬಂಧನ ಸೇವೆ. ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ. ಹೊರದೇಶದಿಂದ ಪ್ರಾಣಿ ತರುವವರೂ ಮುಂಚಿತವಾಗಿ ಅದರ ಎನ್‌ಒಸಿ ಪಡೆಯಬೇಕು. ಎರಡು ವರ್ಷ ಹೊರಗಿದ್ದು ವಾಸ ಬದಲಿಸಿ ಬರುವವರು ಎರಡು ಸಾಕುಪ್ರಾಣಿ ತರಬಹುದು ಎಂಬುದು ವಾಡಿಕೆಯ ನಿಯಮ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬಿಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಉಲ್ಲೇಖ ಪ್ರಯೋಗಾಲಯ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆದರೂ ಒಂದು ಎಚ್ಚರ: ಯಾವ ಪ್ರಯೋಗಾಲಯದ ವರದಿಯನ್ನು ಒಪ್ಪುತ್ತೇವೆ ಎಂಬ ಪಟ್ಟಿ ದೇಶದಿಂದ ದೇಶಕ್ಕೆ ಬೇರೆ. ರಕ್ತ ತೆಗೆಸುವ ಮುಂಚೆಯೇ ಹೋಗುವ ದೇಶದ ಪಟ್ಟಿ ನೋಡಬೇಕು.

ಪೆಟ್ಟಿಗೆಯ ಲೆಕ್ಕ

ಮೂರನೆಯ ಪಂಥ ವಿಮಾನಯಾನದವರದು. ಅವರ ವೇದ ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘದ ‘ಜೀವಂತ ಪ್ರಾಣಿ ನಿಯಮಾವಳಿ’. ಅದರ ಸೂತ್ರ ಹೀಗಿದೆ: ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ಭುಜದಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆಯ ಅಥವಾ ಕಿವಿಯ ತುದಿಯವರೆಗಿನ ಎತ್ತರಕ್ಕೆ ಹಾಸಿನ ದಪ್ಪ ಸೇರಿಸಿದರೆ ಪೆಟ್ಟಿಗೆಯ ಎತ್ತರ. ಚಪ್ಪಟೆ ಮೂಗಿನ ತಳಿಗಳಿಗೆ ಇನ್ನೂ ಶೇಕಡಾ ಹತ್ತರಷ್ಟು ಹೆಚ್ಚು. ತಾತ್ಪರ್ಯ, ಪ್ರಾಣಿ ಆರಾಮಾಗಿ ನಿಲ್ಲಬೇಕು, ತಿರುಗಬೇಕು, ಮಲಗಬೇಕು.

‘ಪಾಪ, ಲಗೇಜಿನ ಜೊತೆ ಕತ್ತಲಲ್ಲಿ ಚಳಿಗೆ ಸಾಯುತ್ತದೆ’ ಎಂಬುದು ಬಹಳ ಜನರ ಭಯ. ಪ್ರಾಣಿಗಳನ್ನು ಇಡುವ ಕೆಳಗಿನ ಕೋಣೆಯಲ್ಲಿ ಗಾಳಿಯ ಒತ್ತಡ ಮೇಲಿನಷ್ಟೇ ಇರುತ್ತದೆ, ಉಷ್ಣತೆಯನ್ನೂ ನಿಯಂತ್ರಿಸುತ್ತಾರೆ. ಅಪಾಯ ಆಕಾಶಕ್ಕಿಂತ ನೆಲದ ಮೇಲೆ ಹೆಚ್ಚು: ರನ್‌ವೇ ಪಕ್ಕದ ಬಿಸಿಲಿನಲ್ಲಿ ಟ್ರಾಲಿ ಮೇಲೆ ಕಾಯುವ ಹೊತ್ತು. ಅನೇಕ ಕಂಪನಿಗಳು ದಾರಿಯ ಯಾವುದೇ ನಿಲ್ದಾಣದಲ್ಲಿ ಸುಮಾರು 29 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರಾಣಿಗಳನ್ನು ಒಯ್ಯುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ನಮ್ಮ ಊರುಗಳಿಂದ ಹೊರಡುವವರು ರಾತ್ರಿಯ, ನೇರ ವಿಮಾನ ಹುಡುಕುವುದು ಇದಕ್ಕೇ.

ಅಂಕಿಗಳು ಎರಡು ಕಡೆಗೂ ಸಾಕ್ಷಿ ಹೇಳುತ್ತವೆ. ಅಮೆರಿಕದ ಸಾರಿಗೆ ಇಲಾಖೆ 2005ರಿಂದ ವಿಮಾನಗಳಲ್ಲಿ ಸತ್ತ ಪ್ರಾಣಿಗಳ ಲೆಕ್ಕ ಪಡೆಯುತ್ತಿದೆ. 2017ರಲ್ಲಿ ಅಲ್ಲಿನ ಕಂಪನಿಗಳು ಒಯ್ದ ಐದು ಲಕ್ಷ ಚಿಲ್ಲರೆ ಪ್ರಾಣಿಗಳಲ್ಲಿ ಸತ್ತವು 24. ಪ್ರಮಾಣದಲ್ಲಿ ಇದು ಬಹಳ ಸಣ್ಣದು. ಆದರೆ ಸಾವು ಎಲ್ಲ ನಾಯಿಗಳಿಗೂ ಸಮನಾಗಿ ಹಂಚಿಲ್ಲ. 2005ರಿಂದ 2010ರವರೆಗೆ ವರದಿಯಾದ 122 ನಾಯಿ ಸಾವುಗಳಲ್ಲಿ ಸುಮಾರು ಅರ್ಧ ಚಪ್ಪಟೆ ಮೂಗಿನ ತಳಿಗಳವು. ಇಂಗ್ಲಿಷ್ ಬುಲ್‌ಡಾಗ್ ಒಂದೇ 25, ಪಗ್ 11. ಮೂಗು ಮೊಟಕಾದಷ್ಟೂ ಮೈಯ ಬಿಸಿ ಹೊರಹಾಕುವುದು ಕಷ್ಟ. ಜಾಹೀರಾತು ನೋಡಿ ಮನೆಮನೆಯೂ ಪಗ್ ಸಾಕಿದ ನಮ್ಮ ನಗರಗಳಿಗೆ ಈ ಅಂಕಿ ಮುಖ್ಯ. ಇಂಥ ತಳಿಗಳನ್ನು ಒಲ್ಲೆ ಎನ್ನುವ ಕಂಪನಿಗಳು ಹೆಚ್ಚುತ್ತಿವೆ.

ತಳಿಯ ಬೇಲಿ ಇನ್ನೊಂದಿದೆ. ಬ್ರಿಟನ್ 1991ರ ಕಾಯಿದೆಯಡಿ ಪಿಟ್‌ಬುಲ್ ಮಾದರಿಯ ನಾಯಿಗಳನ್ನು ನಿಷೇಧಿಸಿತ್ತು. 2024ರಲ್ಲಿ ಎಕ್ಸ್‌ಎಲ್ ಬುಲ್ಲಿಯೂ ಸೇರಿತು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳ ಮೇಲೆ ಹೊರಡಿಸಿದ ಸುತ್ತೋಲೆಯನ್ನು ಮರುತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದುಗೊಳಿಸಿತು. ಬೆಂಗಳೂರಿನಲ್ಲಿ ಕಾನೂನುಬದ್ಧವಾದ ನಾಯಿ ಲಂಡನ್ನಿನಲ್ಲಿ ಅಪರಾಧವಾಗಬಹುದು. ಹಕ್ಕಿ, ಆಮೆಗಳ ವಿಷಯದಲ್ಲಿ ತಕರಾರು ಇನ್ನೂ ಗಟ್ಟಿ: ಆಫ್ರಿಕನ್ ಗ್ರೇ ಗಿಳಿ, ನಕ್ಷತ್ರ ಆಮೆಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ. ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿ ಇಟ್ಟುಕೊಳ್ಳುವುದೇ ಕಾನೂನಿಗೆ ವಿರುದ್ಧ. ಒಯ್ಯುವ ಮಾತೇ ಬರುವುದಿಲ್ಲ.

ನಿದ್ದೆ ಮದ್ದಿನ ವಾದ

“ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಇಳಿಯೋವರೆಗೂ ಮಲಗಿರಲಿ.” ಮನೆಯವರ ಈ ಬೇಡಿಕೆಗೆ ವೈದ್ಯರು ತಲೆಯಾಡಿಸದಿರಲು ಕಾರಣವಿದೆ. ಮದ್ದು ರಕ್ತದೊತ್ತಡ ಇಳಿಸುತ್ತದೆ, ಮೈಯ ಉಷ್ಣತೆಯ ಹತೋಟಿ ತಪ್ಪಿಸುತ್ತದೆ, ವಿಮಾನ ವಾಲಿದಾಗ ಕಾಲೂರಿ ನಿಲ್ಲಲು ಬಿಡುವುದಿಲ್ಲ. ಮೇಲೆ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಅಮೆರಿಕದ ಪಶುವೈದ್ಯರ ಸಂಘವೂ ವಾಯುಸಾರಿಗೆ ಸಂಘವೂ ಸಾಮಾನ್ಯವಾಗಿ ಬೇಡ ಎನ್ನುತ್ತವೆ.

ಕೆನಡಾದಲ್ಲಿ 24 ಬೀಗಲ್ ನಾಯಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ವಿಷಯ ತಿಳಿಸಿತು. ಅರ್ಧಕ್ಕೆ ಅಸಿಪ್ರೊಮಜೀನ್ ಎಂಬ ಮದ್ದು ಕೊಟ್ಟು, ಅರ್ಧಕ್ಕೆ ಕೊಡದೆ ವಿಮಾನದಲ್ಲಿ ಒಯ್ದರು. ಪ್ರಯಾಣದಿಂದ ಎಲ್ಲವಕ್ಕೂ ಒತ್ತಡವಾಗಿತ್ತು. ಆದರೆ ಮದ್ದು ಆ ಒತ್ತಡವನ್ನು ಕಡಿಮೆ ಮಾಡಿರಲಿಲ್ಲ. ಹೃದಯದ ಬಡಿತ ಏರಿದ್ದು ಮುಖ್ಯವಾಗಿ ಪೆಟ್ಟಿಗೆಯನ್ನು ಹತ್ತಿಸುವಾಗ, ಇಳಿಸುವಾಗ. ಹಾರುವುದಕ್ಕಿಂತ ಎತ್ತಿಳಿಸುವುದೇ ನಾಯಿಗೆ ಭಯ ಎಂದಾಯಿತು. ಇತ್ತೀಚೆಗೆ ಬೆಕ್ಕುಗಳ ಭಯಕ್ಕೆ ಗ್ಯಾಬಪೆಂಟಿನ್‌ನಂಥ ಮದ್ದುಗಳು ಬಂದಿವೆ. ಆಸ್ಪತ್ರೆಗೆ ಕಾರಿನಲ್ಲಿ ಹೋಗುವ ಬೆಕ್ಕಿಗೆ ಅದರಿಂದ ಗುಣ ಕಂಡಿದೆ. ಗಂಟೆಗಟ್ಟಲೆ ಕಾರ್ಗೋದಲ್ಲಿ ಒಂಟಿಯಾಗಿರುವ ಬೆಕ್ಕಿಗೂ ಅದೇ ಲೆಕ್ಕ ಅನ್ವಯಿಸಬಹುದೇ ಎಂಬಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ.

ನಾಯಿ ಮನುಷ್ಯನಿಗೆ, ಬೆಕ್ಕು ಮನೆಗೆ

ನಾಲ್ಕನೆಯ ಪಂಥ ಪ್ರಾಣಿವರ್ತನೆಯ ತಜ್ಞರದು. ಅವರ ಮೊದಲ ಪ್ರಶ್ನೆ: ಊರು ಬಿಡುವಾಗ ಪ್ರಾಣಿ ಕಳೆದುಕೊಳ್ಳುವುದು ಏನನ್ನು?

ನಮ್ಮ ಹಳ್ಳಿಗಳಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ: ನಾಯಿ ಮನುಷ್ಯನನ್ನು ನಂಬುತ್ತದೆ, ಬೆಕ್ಕು ಮನೆಯನ್ನು ನಂಬುತ್ತದೆ. ಕಾಟ ಕೊಡುವ ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಊರಾಚೆ ಬಿಟ್ಟುಬಂದರೆ, ಬಿಟ್ಟವನು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅದು ಒಲೆಯ ಪಕ್ಕ ಕೂತಿರುತ್ತದೆ ಎಂಬ ಕತೆ ಕೇಳದವರಿಲ್ಲ. ವಿಜ್ಞಾನ ಈ ಮಾತನ್ನು ಅರ್ಧ ಒಪ್ಪುತ್ತದೆ. ಬುಡಾಪೆಸ್ಟಿನ ಸಂಶೋಧಕರು 1998ರಲ್ಲಿ, ತಾಯಿ-ಮಗುವಿನ ನಂಟು ಅಳೆಯಲು ಮನೋವಿಜ್ಞಾನಿಗಳು ಬಳಸುವ ವಿಧಾನವನ್ನೇ 51 ನಾಯಿಗಳ ಮೇಲೆ ಪ್ರಯೋಗಿಸಿ, ಒಡೆಯನಿದ್ದರೆ ನಾಯಿ ಅಪರಿಚಿತ ಜಾಗದಲ್ಲೂ ಧೈರ್ಯದಿಂದ ಓಡಾಡುತ್ತದೆ ಎಂದು ತೋರಿಸಿದರು. ಬೆಕ್ಕಿನ ವಿಷಯದಲ್ಲಿ ಜಗಳ ಮುಗಿದಿಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2015ರಲ್ಲಿ ಬೆಕ್ಕಿಗೆ ಒಡೆಯನ ಆಸರೆಯ ಅಗತ್ಯ ಆ ಅರ್ಥದಲ್ಲಿ ಕಾಣುವುದಿಲ್ಲ ಎಂದರು. ಅಮೆರಿಕದ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ, ಹತ್ತರಲ್ಲಿ ಆರಕ್ಕೂ ಹೆಚ್ಚು ಬೆಕ್ಕುಗಳಲ್ಲಿ ಅಂಥ ಭದ್ರ ನಂಟಿದೆ ಎಂದರು.

ಸಿದ್ಧತೆಯ ಮಟ್ಟಿಗೆ ಎರಡೂ ಕಡೆಯವರು ಒಪ್ಪುವ ಮಾತುಗಳಿವೆ. ಪೆಟ್ಟಿಗೆಯನ್ನು ಹೊರಡುವ ವಾರ ತರಬಾರದು, ತಿಂಗಳುಗಳ ಮುಂಚೆ ತರಬೇಕು. ಮೊದಲು ಬಾಗಿಲು ಕಳಚಿ ಹಾಲ್‌ನಲ್ಲಿ ಇಡಿ. ಊಟ ಅದರೊಳಗೆ, ಹಳೇ ಚಾದರ ಅದರೊಳಗೆ, ಮಧ್ಯಾಹ್ನದ ನಿದ್ದೆಯೂ ಅದರೊಳಗೇ ಆಗಲಿ. ಆಮೇಲೆ ಬಾಗಿಲು ಹಾಕಿ ಒಂದು ನಿಮಿಷ, ಹತ್ತು ನಿಮಿಷ, ಒಂದು ರಾತ್ರಿ. ಪೆಟ್ಟಿಗೆಯನ್ನು ಎತ್ತುವುದು, ಕಾರಿಗೆ ಇಡುವುದು, ಇಳಿಸುವುದನ್ನೂ ಅಭ್ಯಾಸ ಮಾಡಿಸಬೇಕು, ಏಕೆಂದರೆ ಬೀಗಲ್‌ಗಳ ಎದೆ ಬಡಿದದ್ದು ಅಲ್ಲಿಯೇ. ಹೊರಡುವ ದಿನ ತೊಳೆಯದ ಅಂಗಿಯೊಂದನ್ನು ಒಳಗಿಡಬಹುದು. ನೀರಿನ ಬಟ್ಟಲನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿಟ್ಟರೆ ಎತ್ತಿಳಿಸುವಾಗ ಚೆಲ್ಲುವುದಿಲ್ಲ, ಕರಗಿದಂತೆ ಕುಡಿಯಲು ಸಿಗುತ್ತದೆ.

ತಲುಪಿದ ಮೇಲೆ ಬೆಕ್ಕಿಗೆ ಇಡೀ ಮನೆ ಬೇಡ, ಒಂದು ಕೋಣೆ ಸಾಕು, ಅಡಗಲು ಒಂದು ರಟ್ಟಿನ ಡಬ್ಬ ಸಾಕು. ನೆದರ್ಲೆಂಡ್ಸ್‌ನ ಆಶ್ರಯಧಾಮವೊಂದರಲ್ಲಿ ನಡೆದ ಅಧ್ಯಯನದಲ್ಲಿ ಡಬ್ಬ ಸಿಕ್ಕ ಹೊಸ ಬೆಕ್ಕುಗಳು ಸಿಗದವಕ್ಕಿಂತ ಬೇಗ ಒಗ್ಗಿಕೊಂಡಿದ್ದವು. ಮರಿಗಳನ್ನು ಏಳು ಮನೆ ಸುತ್ತಿಸುವ ತಾಯಿ ಬೆಕ್ಕೂ ಪ್ರತಿ ಮನೆಯಲ್ಲಿ ಮೊದಲು ಹುಡುಕುವುದು ಮೂಲೆಯನ್ನೇ.

ಇಲ್ಲಿ ಎರಡನೆಯ ಪಂಥದ ಕಾಯುವಿಕೆಯೂ ನಾಲ್ಕನೆಯ ಪಂಥದ ಅಭ್ಯಾಸವೂ ಒಂದೇ ಕ್ಯಾಲೆಂಡರಿನಲ್ಲಿ ಕೂಡುತ್ತವೆ. ಟೈಟರ್ ನಂತರದ ಮೂರು ತಿಂಗಳನ್ನು ಬಹಳ ಜನ ವ್ಯರ್ಥ ಕಾಲ ಎಂದು ಬೈಯುತ್ತಾರೆ. ಪ್ರಾಣಿ ಪೆಟ್ಟಿಗೆಯನ್ನು ತನ್ನ ಗೂಡೆಂದು ಒಪ್ಪಿಕೊಳ್ಳಲು ಬೇಕಾದ ಕಾಲವೂ ಹೆಚ್ಚುಕಡಿಮೆ ಅದೇ. ಕಾನೂನು ರೋಗಕ್ಕಾಗಿ ಕೊಟ್ಟ ಕಾಲವನ್ನು ಮನಸ್ಸಿಗಾಗಿ ಬಳಸಿಕೊಂಡವರ ಪ್ರಾಣಿಯೇ ನಿಜವಾಗಿ ಸಿದ್ಧವಾದ ಪ್ರಾಣಿ.

ಬಿಟ್ಟು ಹೋಗುವ ವಾದ

ಐದನೆಯದೊಂದು ಪಂಥವಿದೆ, ಅದಕ್ಕೆ ಹೆಸರಿಲ್ಲ. ಒಯ್ಯುವುದೇ ಪ್ರೀತಿಯಲ್ಲ ಎನ್ನುವವರದು. ಹದಿಮೂರು ವರ್ಷದ, ಹೃದಯ ದುರ್ಬಲವಾದ ಲ್ಯಾಬ್ರಡಾರ್, ಉಸಿರಿಗೆ ತೇಕುವ ಪಗ್, ಅಂಗಳ ಬೀದಿ ಎರಡನ್ನೂ ತನ್ನದೆಂದು ಬೆಳೆದ ಬೀದಿನಾಯಿ, ಇವಕ್ಕೆ ಬರ್ಲಿನ್ನಿನ ನಾಲ್ಕನೇ ಮಹಡಿಯ ಎರಡು ಕೋಣೆ ಬೇಕೆ? ಊರಿನಲ್ಲಿ ಅಪ್ಪ-ಅಮ್ಮ ಇದ್ದು, ನಾಯಿ ಅವರಿಗೂ ಒಗ್ಗಿದ್ದರೆ ಅಲ್ಲೇ ಉಳಿಯುವುದು ಅದಕ್ಕೆ ಒಳ್ಳೆಯದಿರಬಹುದು. ಲಕ್ಷಗಳ ಖರ್ಚಿನ ಪ್ರಶ್ನೆಯೂ ಇದೆ.

ಈ ವಾದದ ತೊಂದರೆಯೆಂದರೆ ಅದನ್ನು ಸೋಮಾರಿತನವೂ ಬಳಸಿಕೊಳ್ಳುತ್ತದೆ. ವೀಸಾ ಬಂದ ಮೇಲೆ ಮೂರು ವಾರದಲ್ಲಿ “ಒಳ್ಳೆ ಮನೆ ಹುಡುಕುತ್ತಿದ್ದೇವೆ” ಎನ್ನುವವರ ನಾಯಿ ಕೊನೆಗೆ ಆಶ್ರಯಧಾಮದ ಗೇಟಿನ ಮುಂದೆ ಕಟ್ಟಿಹಾಕಿಸಿಕೊಳ್ಳುತ್ತದೆ. ಆಶ್ರಯಧಾಮಕ್ಕೆ ಬಂದ ನಾಯಿಗಳಲ್ಲಿ ಒತ್ತಡದ ಹಾರ್ಮೋನು ಮೊದಲ ಮೂರು ದಿನ ಅತಿ ಹೆಚ್ಚು ಎಂದು ಅಮೆರಿಕದ ಅಧ್ಯಯನ 1997ರಲ್ಲೇ ತೋರಿಸಿದೆ. ಬಿಟ್ಟುಹೋಗುವುದಕ್ಕೂ ಒಯ್ಯುವಷ್ಟೇ ತಿಂಗಳ ಸಿದ್ಧತೆ ಬೇಕು: ಹೊಸ ಮನೆಯಲ್ಲಿ ವಾರಾಂತ್ಯ, ಆಮೇಲೆ ವಾರ, ಆಮೇಲೆ ಬೀಳ್ಕೊಡುಗೆ.

ಇದಕ್ಕೆ ವಿರುದ್ಧ ತುದಿಯ ನೆನಪು 2022ರದು. ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಓದಲು ಹೋಗಿದ್ದ ಭಾರತದ ಹುಡುಗರಲ್ಲಿ ಕೆಲವರು ನಾಯಿ, ಬೆಕ್ಕು ಬಿಟ್ಟು ಬರಲು ಒಪ್ಪಲಿಲ್ಲ. ಕೊನೆಗೆ ಕೇಂದ್ರ ಸರ್ಕಾರ ಒಂದು ಬಾರಿಗೆ ಮಾತ್ರ ಎಂದು ನಿಯಮ ಸಡಿಲಿಸಿತು. ಯುರೋಪಿನ ದೇಶಗಳೂ ಓಡಿಬಂದವರ ಪ್ರಾಣಿಗಳಿಗೆ ಗಡಿ ತೆರೆದವು. 1918ರ ಸೈನಿಕನ ಪ್ರಶ್ನೆಯೇ ಇದು. ಈ ಸಲ ಕದ್ದು ತರಬೇಕಾಗಲಿಲ್ಲ.

ಇನ್ನೂ ಬಗೆಹರಿಯದವು

ನಕ್ಷೆಯಲ್ಲಿ ಖಾಲಿ ಉಳಿದ ಜಾಗಗಳನ್ನು ಹೇಳದೆ ಮುಗಿಸಬಾರದು.

ಮೊದಲನೆಯದು, ಎಷ್ಟು ದಿನ ಸಾಕು? ರಕ್ತ ತೆಗೆದ ದಿನದಿಂದ ಅದೇ ನಾಯಿಯನ್ನು ಅಮೆರಿಕ 28 ದಿನ, ಯುರೋಪು ಮೂರು ತಿಂಗಳು, ಜಪಾನ್ 180 ದಿನ ಕಾಯಿಸುತ್ತದೆ. ಬ್ರಿಟನ್ 2012ರಲ್ಲಿ ತನ್ನ ಆರು ತಿಂಗಳು ಬಿಟ್ಟು ಯುರೋಪಿನ ನಿಯಮಕ್ಕೆ ಹೊಂದಿಕೊಂಡಾಗ, ಸರ್ಕಾರಿ ತಜ್ಞರ ಲೆಕ್ಕದಂತೆ, ಎಲ್ಲರೂ ನಿಯಮ ಪಾಲಿಸಿದರೆ ಸಾಕುಪ್ರಾಣಿಯಿಂದ ರೇಬಿಸ್ ಬರುವ ಸಾಧ್ಯತೆ ಸುಮಾರು 13 ಸಾವಿರ ವರ್ಷಕ್ಕೊಮ್ಮೆ ಇದ್ದದ್ದು 211 ವರ್ಷಕ್ಕೊಮ್ಮೆ ಆಯಿತು. ಅರವತ್ತು ಪಟ್ಟು ಹೆಚ್ಚಳ ಎನ್ನಬಹುದು, ಇನ್ನೂರು ವರ್ಷಕ್ಕೊಮ್ಮೆ ತಾನೇ ಎನ್ನಲೂಬಹುದು. ಎಷ್ಟು ಅಪಾಯ ಸಹ್ಯ ಎಂಬುದನ್ನು ಪ್ರಯೋಗಾಲಯ ಹೇಳಲಾರದು, ಸಮಾಜ ಹೇಳಬೇಕು.

ಎರಡನೆಯದು, ಬೇಲಿ ಯಾರನ್ನು ತಡೆಯುತ್ತಿದೆ? ಫ್ರಾನ್ಸ್ 2008ರಲ್ಲಿ ರೇಬಿಸ್ ಮುಕ್ತ ಸ್ಥಾನ ಕಳೆದುಕೊಂಡದ್ದು ಅಕ್ರಮವಾಗಿ ಬಂದ ನಾಯಿಯಿಂದ. ತೈವಾನಿನಲ್ಲಿ ಅರ್ಧ ಶತಮಾನದ ನಂತರ, 2013ರಲ್ಲಿ, ರೇಬಿಸ್ ಸಿಕ್ಕಿದ್ದು ಕಾಡಿನ ಫೆರೆಟ್-ಬ್ಯಾಡ್ಜರ್‌ಗಳಲ್ಲಿ. ನಿಯಮ ಪಾಲಿಸುವವರ ಮೇಲೆ ಇನ್ನಷ್ಟು ನಿಯಮ ಹೇರಿದರೆ ಸುಳ್ಳು ಕಾಗದದವರು ಹೆಚ್ಚುತ್ತಾರೋ ಕಡಿಮೆಯಾಗುತ್ತಾರೋ ಎಂಬುದು ತೀರ್ಮಾನವಾಗಿಲ್ಲ.

ಮೂರನೆಯದು, ಕ್ಯಾಬಿನ್ನೋ ಕಾರ್ಗೋನೋ? ಬ್ರಿಟನ್‌ಗೆ ವಿಮಾನದಲ್ಲಿ ಬರುವ ಸಾಕುಪ್ರಾಣಿ ಕಾರ್ಗೋದಲ್ಲೇ ಬರಬೇಕು. ಬೇರೆ ಹಲವು ಕಡೆ ಸಣ್ಣ ಪ್ರಾಣಿ ಸೀಟಿನ ಕೆಳಗೆ ಕೂರಬಹುದು. ಒಡೆಯನ ವಾಸನೆ ಹತ್ತಿರವಿದ್ದರೆ ಒತ್ತಡ ಎಷ್ಟು ಇಳಿಯುತ್ತದೆ, ದೂರದ ಪ್ರಯಾಣದಲ್ಲಿ ಹೊಸ ಮದ್ದುಗಳು ಎಷ್ಟು ಸುರಕ್ಷಿತ ಎಂಬ ಪ್ರಶ್ನೆಗಳಿಗೆ 24 ಬೀಗಲ್‌ಗಳಿಗಿಂತ ದೊಡ್ಡ ಉತ್ತರ ಬೇಕು.

ನಾಲ್ಕನೆಯದು ನಮ್ಮದೇ. ಭಾರತ ಆ ಪಟ್ಟಿಗಳಿಂದ ಹೊರಬರುವುದು ಯಾವಾಗ? ಹೊರದೇಶಕ್ಕೆ ಹೊರಟ ಒಂದು ನಾಯಿಯ ಕಾಯುವಿಕೆಯ ಉದ್ದವನ್ನು ನಿರ್ಧರಿಸುವುದು ಅದರ ರಕ್ತವಷ್ಟೇ ಅಲ್ಲ, ನಮ್ಮ ಬೀದಿಯಲ್ಲಿ ಲಸಿಕೆಯಿಲ್ಲದೆ ಓಡಾಡುವ ನಾಯಿಗಳೂ ಹೌದು. ಗಲ್ಲಿಯ ನಾಯಿಗೆ ಸಿಗುವ ಲಸಿಕೆಯೇ ಸೋಫಾದ ನಾಯಿಯ ಪಾಸ್‌ಪೋರ್ಟು.

ಇವೆಲ್ಲ ಬಗೆಹರಿಯುವವರೆಗೆ ಓದುಗರಿಗೆ ಹೇಳಬಹುದಾದ ಖಚಿತ ಮಾತು ಒಂದೇ. ಹೊರದೇಶದ ಕೆಲಸಕ್ಕೆ ಅರ್ಜಿ ಹಾಕಿದ ವಾರವೇ ಪ್ರಾಣಿಗೆ ಚಿಪ್ ಹಾಕಿಸಿ, ಆಮೇಲೆ ಲಸಿಕೆ ಹಾಕಿಸಿ, ಪೆಟ್ಟಿಗೆ ತಂದು ಹಾಲ್‌ನ ಮೂಲೆಯಲ್ಲಿಡಿ. ಕೆಲಸ ಸಿಗದಿದ್ದರೂ ನಷ್ಟವಿಲ್ಲ. ಬೆಕ್ಕಿಗಾದರೂ ಮಲಗಲು ಒಂದು ಜಾಗವಾಗುತ್ತದೆ.